ಬ್ಯಾನರ್ ಮೇಲೆ ಇಸವಿ ಬರೆಸಬೇಡಿ: ಸಣ್ಣ ಓಟವೊಂದನ್ನು ವರ್ಷ ವರ್ಷವೂ ನಡೆಸುವ ಬಗೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಪೆಟ್ಟಿಗೆ ಇದೆ. ಅದರಲ್ಲಿ 140 ಪದಕಗಳಿವೆ. ನಾನು ನಡೆಸಿದ ಮೊದಲ ಓಟಕ್ಕೆ 320 ಪದಕ ಮಾಡಿಸಿದ್ದೆ. ಓಡಿ ಮುಗಿಸಿದವರು 180 ಜನ. ಉಳಿದದ್ದನ್ನು ಮುಂದಿನ ವರ್ಷ ಕೊಡೋಣ ಎಂದರೆ ಪದಕದ ನಟ್ಟನಡುವೆ ಇಸವಿ ಅಚ್ಚಾಗಿತ್ತು. ಬ್ಯಾನರ್, ದಿಕ್ಕು ತೋರಿಸುವ ಬೋರ್ಡು, ಸ್ವಯಂಸೇವಕರ ಅಂಗಿ, ಎಲ್ಲದರ ಮೇಲೂ ಅದೇ ಇಸವಿ. ಒಂದು ಬೆಳಗಿನ ಮೂರು ಗಂಟೆಗಳ ಓಟಕ್ಕೋಸ್ಕರ ಮಾಡಿಸಿದ ವಸ್ತುಗಳೆಲ್ಲ ಮಧ್ಯಾಹ್ನದ ಹೊತ್ತಿಗೆ ಕಸವಾಗಿದ್ದವು.

ಎರಡನೇ ವರ್ಷ ನಾನು ಮಾಡಿದ ಮೊದಲ ಬದಲಾವಣೆ ಇಷ್ಟೇ: ಯಾವುದರ ಮೇಲೂ ಇಸವಿ ಬರೆಸಲಿಲ್ಲ. ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಅಲ್ಲಿಂದ ಮುಂದೆ ಪ್ರತಿ ಖರ್ಚಿಗೂ ಮೊದಲು ಒಂದು ಪ್ರಶ್ನೆ ಕೇಳುವುದು ಅಭ್ಯಾಸವಾಯಿತು. ಇದು ಮುಂದಿನ ವರ್ಷಕ್ಕೂ ಬರುತ್ತಾ? ಬ್ಯಾನರ್ ಬಗ್ಗೆ ಕೇಳಿದ್ದನ್ನೇ ಆಮೇಲೆ ಪ್ರಾಯೋಜಕರ ಬಗ್ಗೆ ಕೇಳಿದೆ. ಸ್ವಯಂಸೇವಕರ ಬಗ್ಗೆ ಕೇಳಿದೆ. ಓಟದ ದಾರಿಯ ಅಕ್ಕಪಕ್ಕದ ಮನೆಯವರ ಬಗ್ಗೆ ಕೇಳಿದೆ. ಕೊನೆಗೆ ನನ್ನ ಬಗ್ಗೆಯೂ ಕೇಳಿಕೊಂಡೆ.

ಈಗ 11 ವರ್ಷ ಆಯಿತು. ದೊಡ್ಡವರಿಗೆ ಹತ್ತು ಕಿಲೋಮೀಟರ್, ಮಕ್ಕಳಿಗೆ ಎರಡು ಕಿಲೋಮೀಟರ್. ನನ್ನ ದುಡಿಮೆಯ ದೊಡ್ಡ ಭಾಗ ಇದೇ. ಇಂಥದ್ದೇ ಒಂದು ಕಾರ್ಯಕ್ರಮ ಶುರು ಮಾಡಬೇಕು, ಅದರಿಂದ ನಾಲ್ಕು ಕಾಸು ಬರಬೇಕು, ಊರಿಗೂ ನೆಲಕ್ಕೂ ಹೊರೆಯಾಗಬಾರದು ಎಂದುಕೊಂಡಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ಕೊಡುವ ಉದಾಹರಣೆಗಳು ಓಟದವು. ಸೈಕಲ್, ಈಜು, ಫುಟ್‌ಬಾಲ್ ಪಂದ್ಯಾವಳಿ ನಡೆಸುವವರಿಗೂ ಲೆಕ್ಕ ಹೆಚ್ಚು ಕಡಿಮೆ ಹೀಗೇ ಬರುತ್ತದೆ.

ಎಷ್ಟು ಜನ, ಯಾವ ದಾರಿ

2004ರ ಅಕ್ಟೋಬರ್‌ನಲ್ಲಿ ಪಾಲ್ ಸಿಂಟನ್-ಹ್ಯೂಯಿಟ್ ಎಂಬುವರು ಲಂಡನ್ನಿನ ಬುಶಿ ಪಾರ್ಕ್‌ನಲ್ಲಿ ಐದು ಕಿಲೋಮೀಟರಿನ ಓಟ ಶುರು ಮಾಡಿದರು. ಅಂದು ಓಡಿದವರು 13 ಜನ. ಯಾರು ಎಷ್ಟನೆಯವರಾಗಿ ಮುಗಿಸಿದರು ಎಂದು ಗುರುತು ಹಿಡಿಯಲು ಹಾರ್ಡ್‌ವೇರ್ ಅಂಗಡಿಯ ವಾಷರ್‌ಗಳನ್ನೇ ಟೋಕನ್ ಮಾಡಿಕೊಂಡಿದ್ದರು. ಫಲಿತಾಂಶವನ್ನು ಪೆನ್ನು ಕಾಗದದಲ್ಲಿ ಬರೆದರು. ಅದೇ ಇವತ್ತಿನ ಪಾರ್ಕ್‌ರನ್. ಹಲವು ದೇಶಗಳಲ್ಲಿ ವಾರ ವಾರವೂ ನಡೆಯುತ್ತದೆ, ಓಡುವವರಿಗೆ ಉಚಿತ, ಸ್ಥಳೀಯ ಸ್ವಯಂಸೇವಕರೇ ನಡೆಸುತ್ತಾರೆ. ಟೋಕನ್‌ಗಳು ಈಗಲೂ ವಾಪಸ್ ಪೆಟ್ಟಿಗೆ ಸೇರಿ ಮುಂದಿನ ವಾರ ಮತ್ತೆ ಹೊರಗೆ ಬರುತ್ತವೆ. ಉಚಿತ ಓಟದಿಂದ ನಿಮ್ಮ ಹೊಟ್ಟೆಪಾಡು ನಡೆಯುವುದಿಲ್ಲ, ನಿಜ. ಆದರೆ ಮುಂದಿನ ವಾರವೂ ನಡೆಸಬೇಕು ಎಂದು ಹೊರಟವರ ಕೈ ತಾನಾಗಿಯೇ ಮತ್ತೆ ಬಳಸುವ ವಸ್ತುವಿನ ಕಡೆಗೆ ಹೋಗುತ್ತದೆ. ವರ್ಷಕ್ಕೊಮ್ಮೆ ನಡೆಸುವವರಿಗೂ ಅದೇ ಅಭ್ಯಾಸ ಬೇಕು.

ನನ್ನ ಓಟಕ್ಕೆ 600 ಜನರ ಮಿತಿ ಇಟ್ಟಿದ್ದೇನೆ. ಈ ಸಂಖ್ಯೆ ಹುಟ್ಟಿದ್ದು ದಾರಿಯ ಒಂದು ತಿರುವಿನಿಂದ. ಅಲ್ಲಿ ಅಗಲ ಮೂರು ಮೀಟರ್ ಅಷ್ಟೇ. ಒಂದು ವರ್ಷ 750 ಜನರನ್ನು ಸೇರಿಸಿಕೊಂಡೆ. ಆ ತಿರುವಿನಲ್ಲಿ ನೂಕುನುಗ್ಗಲಾಗಿ ಇಬ್ಬರು ಬಿದ್ದರು. ಒಬ್ಬರ ಮಣಿಕಟ್ಟು ಮುರಿಯಿತು. ನಿಮ್ಮ ದಾರಿಯಲ್ಲಿ ಎಲ್ಲಕ್ಕಿಂತ ಇಕ್ಕಟ್ಟಾದ ಜಾಗ ಯಾವುದು ಎಂದು ನೋಡಿ. ಅಲ್ಲಿ ಎಷ್ಟು ಜನ ಆರಾಮಾಗಿ ಹಾದುಹೋಗಬಹುದೋ ಅಷ್ಟೇ ನಿಮ್ಮ ಓಟದ ಗಾತ್ರ. ಕೆಲವು ಕಡೆ ಅದು ರಸ್ತೆ ಆಗಿರುವುದಿಲ್ಲ. ಶೌಚಾಲಯ ಆಗಿರಬಹುದು, ವಾಹನ ನಿಲ್ಲಿಸುವ ಜಾಗ ಆಗಿರಬಹುದು.

ಹತ್ತು ಕಿಲೋಮೀಟರಿನ ಒಂದೇ ದೊಡ್ಡ ಸುತ್ತಿನ ಬದಲು ಐದು ಕಿಲೋಮೀಟರಿನ ಸುತ್ತನ್ನು ಎರಡು ಸಲ ಓಡಿಸಿ. ಇದನ್ನು ನಾನು ಮೂರನೇ ವರ್ಷ ಮಾಡಿದೆ. ಮುಚ್ಚಬೇಕಾದ ರಸ್ತೆ ಅರ್ಧ ಆಯಿತು. ಬೋರ್ಡುಗಳು, ಸ್ವಯಂಸೇವಕರು, ಕಸ ಆರಿಸಬೇಕಾದ ಉದ್ದ, ಎಲ್ಲವೂ ಅರ್ಧ. ಒಂದೇ ನೀರಿನ ಮೇಜು ಎರಡು ಸಲ ಉಪಯೋಗಕ್ಕೆ ಬಂತು. ಮನೆಯವರು ಒಂದೇ ಜಾಗದಲ್ಲಿ ನಿಂತು ತಮ್ಮವರನ್ನು ಎರಡು ಸಲ ನೋಡಬಹುದು. ತೊಂದರೆ ಒಂದೇ. ಮುಂದಿನವರು ಎರಡನೇ ಸುತ್ತಿಗೆ ಬರುವಾಗ ನಿಧಾನವಾಗಿ ನಡೆಯುವವರು ಇನ್ನೂ ಮೊದಲ ಸುತ್ತಿನಲ್ಲೇ ಇರುತ್ತಾರೆ. ಒಂದು ಪಕ್ಕವನ್ನು ನಿಧಾನದವರಿಗೆ ಬಿಟ್ಟು, ಅದನ್ನು ಓಟ ಶುರುವಾಗುವ ಮೊದಲು ಮೈಕಿನಲ್ಲಿ ಎರಡು ಸಲ ಹೇಳಿದರೆ ಸಾಕು.

ದಾರಿ ತೀರ್ಮಾನವಾದ ಮೇಲೆ ಅದನ್ನು ಸರಿಯಾಗಿ ಅಳೆಸಿ. ಫೋನಿನ ಜಿಪಿಎಸ್ ನಂಬಬೇಡಿ. ರಸ್ತೆ ಓಟದ ದೂರ ಅಳೆಯಲು ಇವತ್ತಿಗೂ ಸೈಕಲ್ಲನ್ನೇ ಬಳಸುತ್ತಾರೆ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಪುಟ್ಟ ಎಣಿಕೆ ಯಂತ್ರ ಕೂರಿಸಿ, ಮೊದಲೇ ಟೇಪಿನಿಂದ ಅಳೆದಿಟ್ಟ ದೂರದ ಮೇಲೆ ಸೈಕಲ್ ಓಡಿಸಿ ಎಣಿಕೆ ಸರಿ ಮಾಡಿಕೊಳ್ಳುತ್ತಾರೆ. ಓಟಗಾರ ಹಿಡಿಯಬಹುದಾದ ಅತಿ ಹತ್ತಿರದ ದಾರಿಯಲ್ಲಿ, ತಿರುವುಗಳಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ. ಕೊನೆಗೆ ಸಾವಿರಕ್ಕೆ ಒಂದರಷ್ಟು ಸೇರಿಸುತ್ತಾರೆ. ಹತ್ತು ಕಿಲೋಮೀಟರಿಗೆ ಹತ್ತು ಮೀಟರ್. ದೂರ ಕಡಿಮೆ ಬೀಳಬಾರದು ಎಂಬುದಕ್ಕೆ ಈ ಎಚ್ಚರಿಕೆ. ವರ್ಲ್ಡ್ ಅಥ್ಲೆಟಿಕ್ಸ್ ಮಾನ್ಯ ಮಾಡುವ ಅಳತೆಯ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ, ದಾರಿ ಬದಲಾಗದಿದ್ದರೆ. ಹಾಗಾಗಿ ಪ್ರತಿ ವರ್ಷ ಹೊಸ ದಾರಿ ಹುಡುಕುವ ಆಸೆ ಬೇಡ. ಒಂದು ಸಲ ಅಳೆಸಿದ ಖರ್ಚು ಐದು ಓಟಗಳಿಗೆ ಹಂಚಿಹೋಗುತ್ತದೆ. ಓಟಗಾರರಿಗೂ ಹೋದ ವರ್ಷದ ಸಮಯಕ್ಕೂ ಈ ವರ್ಷದ ಸಮಯಕ್ಕೂ ಹೋಲಿಸಿ ನೋಡುವ ಖುಷಿ ಸಿಗುತ್ತದೆ.

ದುಡ್ಡಿನ ಲೆಕ್ಕ

ಪ್ರವೇಶ ಶುಲ್ಕವನ್ನು 100 ಭಾಗ ಎಂದುಕೊಳ್ಳಿ. ಒಬ್ಬ ಓಟಗಾರ ಜಾಸ್ತಿ ಬಂದರೆ ಆ ಒಬ್ಬರಿಗಾಗಿಯೇ ಆಗುವ ಖರ್ಚು ಇರುತ್ತದೆ: ಎದೆಗೆ ಹಚ್ಚುವ ನಂಬರ್, ಸಮಯ ಹಿಡಿಯುವ ಚಿಪ್, ಪದಕ, ನೀರು, ವಿಮೆ, ಆನ್‌ಲೈನ್ ಪಾವತಿಯ ಕಮಿಷನ್. ನನ್ನ ಓಟದಲ್ಲಿ ಇದು 55 ಭಾಗ. ಕೈಯಲ್ಲಿ ಉಳಿಯುವುದು 45. ಇನ್ನೊಂದು ಬಗೆಯದು ನಿಶ್ಚಿತ ಖರ್ಚು, ಹತ್ತು ಜನ ಬಂದರೂ ಅಷ್ಟೇ, ಆರುನೂರು ಜನ ಬಂದರೂ ಹೆಚ್ಚು ಕಡಿಮೆ ಅಷ್ಟೇ: ಮೈದಾನದ ಬಾಡಿಗೆ, ಆಂಬುಲೆನ್ಸ್, ಟೈಮಿಂಗ್ ಯಂತ್ರ, ಮೈಕು, ಅನುಮತಿಗಳು, ನಿಮ್ಮ ಸಂಬಳ. ಇದೆಲ್ಲ ಸೇರಿ 9,000 ಭಾಗ ಆಗುತ್ತದೆ ಎಂದಿಟ್ಟುಕೊಳ್ಳಿ. ಅದನ್ನು 45ರಿಂದ ಭಾಗಿಸಿದರೆ 200. ಅಂದರೆ 200 ಜನ ದುಡ್ಡು ಕೊಟ್ಟು ಬಂದರೆ ಕೈಯಿಂದ ಏನೂ ಹೋಗುವುದಿಲ್ಲ. ಈ ಸಂಖ್ಯೆ ನಿಮ್ಮ ಮಿತಿಯ ಅರ್ಧಕ್ಕಿಂತ ಕೆಳಗೇ ಇರಲಿ. ನನ್ನದು 600ಕ್ಕೆ 200. ಮಳೆ ಬಂದ ವರ್ಷ 340 ಜನ ಮಾತ್ರ ಹೆಸರು ಕೊಟ್ಟಾಗಲೂ ಓಟ ನಿಂತದ್ದು ಇದೇ ಕಾರಣಕ್ಕೆ, ಅಂದರೆ ತನ್ನ ಕಾಲ ಮೇಲೆ ನಿಂತದ್ದು.

ಸಂಬಳ ಎಂಬ ಮಾತನ್ನು ಮತ್ತೆ ಹೇಳುತ್ತೇನೆ. ಮೊದಲ ಎರಡು ವರ್ಷ ನನ್ನ ಕೆಲಸಕ್ಕೆ ಬೆಲೆ ಕಟ್ಟಲಿಲ್ಲ. ಪ್ರೀತಿಯಿಂದ ಮಾಡುತ್ತಿದ್ದೇನೆ, ದುಡ್ಡೇಕೆ ಅನ್ನಿಸುತ್ತಿತ್ತು. ಮೂರನೇ ವರ್ಷ ಮನೆ ಬಾಡಿಗೆ ಕಟ್ಟಲು ಬೇರೆ ಕೆಲಸ ಹಿಡಿಯಬೇಕಾಯಿತು, ಓಟ ಇನ್ನೇನು ಕೈಬಿಟ್ಟೇ ಹೋಗುವುದರಲ್ಲಿತ್ತು. ನಡೆಸುವವರಿಗೆ ಅನ್ನ ಕೊಡದ ಕಾರ್ಯಕ್ರಮ ಬಾಳುವುದಿಲ್ಲ. ನಿಮ್ಮ ಸಂಬಳವನ್ನು ಖರ್ಚಿನ ಪಟ್ಟಿಯಲ್ಲಿ ಮೊದಲ ಸಾಲಿಗೇ ಬರೆಯಿರಿ. ಉಳಿದರೆ ತಗೊಳ್ಳೋಣ ಎಂದು ಕೊನೆಗೆ ಬಿಡಬೇಡಿ.

ಶುಲ್ಕ ನಿಮ್ಮ ಖಾತೆಗೆ ಐದಾರು ತಿಂಗಳು ಮೊದಲೇ ಬರಲು ಶುರುವಾಗುತ್ತದೆ. ಓಟ ಮುಗಿಯುವವರೆಗೂ ಅದು ನಿಮ್ಮದಲ್ಲ. ಇದಕ್ಕೆಂದೇ ಬೇರೆ ಖಾತೆ ತೆರೆಯಿರಿ. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ನ್ಯೂಯಾರ್ಕ್ ಮ್ಯಾರಥಾನನ್ನು ಎರಡೇ ದಿನ ಮೊದಲು ರದ್ದು ಮಾಡಬೇಕಾಯಿತು. ಆಮೇಲೆ ಅವರು ಹಣ ವಾಪಸ್ ಬೇಕೋ, ಮುಂದೆ ಓಡುವ ಜಾಗ ಬೇಕೋ ಎಂದು ಓಟಗಾರರಿಗೇ ಆಯ್ಕೆ ಕೊಟ್ಟರು. ದೊಡ್ಡ ಸಂಸ್ಥೆಗೆ ಅದನ್ನು ತಡೆದುಕೊಳ್ಳುವ ಶಕ್ತಿ ಇರುತ್ತದೆ. ನಮ್ಮಂಥವರು ಬಂದ ಶುಲ್ಕದಿಂದಲೇ ಎಲ್ಲಕ್ಕೂ ಮುಂಗಡ ಕೊಟ್ಟು ಕೂತಿದ್ದರೆ ಅಂಥ ದಿನ ಯಾರಿಗೂ ಮುಖ ತೋರಿಸಲು ಆಗುವುದಿಲ್ಲ. ನಾನು ಒಂಬತ್ತು ವರ್ಷ ಸ್ವಲ್ಪ ಸ್ವಲ್ಪವೇ ಉಳಿಸಿ, ಒಂದು ಓಟದ ಪೂರ್ತಿ ನಿಶ್ಚಿತ ಖರ್ಚಿನಷ್ಟು ಹಣ ಪಕ್ಕಕ್ಕಿಟ್ಟಿದ್ದೇನೆ. ನೋಂದಣಿ ತೆರೆಯುವ ಮೊದಲೇ ಮೂರು ಸಾಲು ಬರೆದು ಹಾಕಿ. ನಾವು ರದ್ದು ಮಾಡಿದರೆ ಏನು? ನೀವು ಬರಲಾಗದಿದ್ದರೆ ಏನು? ನಿಮ್ಮ ಜಾಗವನ್ನು ಬೇರೆಯವರಿಗೆ ಕೊಡಬಹುದಾ? ಕೊಡಬಹುದು ಎಂದೇ ಬರೆಯಿರಿ, ಇಂಥ ದಿನದೊಳಗೆ ಎಂದು. ಇಲ್ಲದಿದ್ದರೆ ಸುಮ್ನೆ ಒಬ್ಬರ ನಂಬರ್ ಹಚ್ಚಿಕೊಂಡು ಇನ್ನೊಬ್ಬರು ಓಡುತ್ತಾರೆ. ಅವರಿಗೆ ಏನಾದರೂ ಆದರೆ ನಿಮ್ಮ ಕೈಯಲ್ಲಿರುವುದು ಬೇರೆ ಯಾರದೋ ರಕ್ತದ ಗುಂಪು, ಬೇರೆ ಯಾರದೋ ಮನೆಯ ಫೋನ್ ನಂಬರ್.

ಪ್ರಾಯೋಜಕರ ವಿಷಯ. ನಾಲ್ಕನೇ ವರ್ಷ ಒಬ್ಬ ಪ್ರಾಯೋಜಕರು ಅರ್ಧ ಖರ್ಚು ನಮ್ಮದು ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಓಟಕ್ಕೆ 19 ದಿನ ಇರುವಾಗ ಆಗುವುದಿಲ್ಲ ಎಂದರು. ಆ 19 ದಿನ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಅಂದಿನಿಂದ ಒಂದು ನಿಯಮ ಪಾಲಿಸುತ್ತಿದ್ದೇನೆ. ಯಾವುದು ಇಲ್ಲದಿದ್ದರೂ ಓಟ ನಡೆಯುತ್ತದೋ ಅದಕ್ಕೆ ಮಾತ್ರ ಪ್ರಾಯೋಜಕರ ಹಣ: ಮಕ್ಕಳ ಬಹುಮಾನ, ಫೋಟೋ, ಸಂಗೀತ. ಆಂಬುಲೆನ್ಸ್, ನೀರು, ಟೈಮಿಂಗ್, ಇವು ಓಟಗಾರರ ಶುಲ್ಕದಿಂದಲೇ ಆಗಬೇಕು. ಒಬ್ಬರೇ ದೊಡ್ಡವರನ್ನು ಹಿಡಿಯುವುದಕ್ಕಿಂತ ಮೂವರು ಸಣ್ಣವರ ಜೊತೆ ಮೂರು ಮೂರು ವರ್ಷದ ಒಪ್ಪಂದ ಬರೆದುಕೊಳ್ಳಿ, ಕಾಗದದ ಮೇಲೆ. ಮೂವರೂ ಒಂದೇ ವರ್ಷ ಮುಗಿಯದ ಹಾಗೆ ನೋಡಿಕೊಳ್ಳಿ. ಅವರ ಹೆಸರನ್ನು ದೊಡ್ಡ ಬ್ಯಾನರಿನ ಮೇಲೆ ಅಚ್ಚು ಹಾಕಿಸಬೇಡಿ. ನಾನು ಬಟ್ಟೆಯ ಪಟ್ಟಿಯ ಮೇಲೆ ಹೆಸರು ಬರೆಸಿ ವೆಲ್ಕ್ರೋದಿಂದ ಬ್ಯಾನರಿಗೆ ಅಂಟಿಸುತ್ತೇನೆ. ಪ್ರಾಯೋಜಕರು ಬದಲಾದರೆ ಪಟ್ಟಿ ಬದಲಾಗುತ್ತದೆ, ಬ್ಯಾನರ್ ಹಾಗೇ ಇರುತ್ತದೆ. ನನ್ನ ಫಿನಿಶ್ ಲೈನಿನ ಬ್ಯಾನರಿಗೆ ಈಗ ಒಂಬತ್ತು ವರ್ಷ.

ಯಾವುದಾದರೂ ಒಳ್ಳೆಯ ಕೆಲಸಕ್ಕೆ ದೇಣಿಗೆ ಕೊಡುವುದಾದರೆ ಲಾಭದ ಒಂದು ಭಾಗ ಎಂದು ಬರೆಯಬೇಡಿ. ಆ ಮಾತಿಗೆ ಅಳತೆಯೇ ಇಲ್ಲ. ಪ್ರತಿ ಶುಲ್ಕದಲ್ಲಿ 100ಕ್ಕೆ 5 ಎಂದು ಬರೆಯಿರಿ. ಓಟ ಮುಗಿದ ಮೇಲೆ ಎಷ್ಟು ಕೊಟ್ಟಿರಿ ಎಂದು ಎಲ್ಲರಿಗೂ ತಿಳಿಸಿ.

ಟೀ ಶರ್ಟ್, ಪದಕ, ಪಿನ್ನು

ನೋಂದಣಿಯ ಅರ್ಜಿಯಲ್ಲಿ ಟೀ ಶರ್ಟ್ ಎಂಬ ಚೌಕ ಇರುತ್ತದಲ್ಲ, ಅದರಲ್ಲಿ ಮೊದಲೇ ಟಿಕ್ ಇರಬಾರದು. ಬೇಕಾದವರು ತಾವೇ ಟಿಕ್ ಹಾಕಲಿ, ಅದಕ್ಕೆ ಬೇರೆ ದುಡ್ಡು ಕೊಡಲಿ. ಹೀಗೆ ಮಾಡಿದ ಮೊದಲ ವರ್ಷ 600 ಜನರಲ್ಲಿ 230 ಜನ ಮಾತ್ರ ಶರ್ಟ್ ಕೇಳಿದರು. ಉಳಿದವರ ಬೀರುವಿನಲ್ಲಿ ಆಗಲೇ ಎಂಟು ಹತ್ತು ಇದ್ದವು. ಒಬ್ಬರೂ ದೂರಲಿಲ್ಲ. ಶರ್ಟಿನ ಖರ್ಚು ಇಳಿದದ್ದರಿಂದ ಶುಲ್ಕ ಇಳಿಸಿದೆ. ಕಾಲೇಜು ಹುಡುಗ ಹುಡುಗಿಯರು ಜಾಸ್ತಿ ಬಂದರು.

ಪದಕದಲ್ಲಿ ಮಾತ್ರ ಕಂಜೂಸಿ ಬೇಡ. ಹೆಸರು ಕೊಟ್ಟವರಲ್ಲಿ ಕೆಲವರು ಬರುವುದಿಲ್ಲ ಎಂದು ಲೆಕ್ಕ ಹಾಕಿ ಕಡಿಮೆ ಮಾಡಿಸಿದರೆ, ಪದಕ ಸಿಗದೆ ಹೋಗುವುದು ಕೊನೆಗೆ ಬಂದವರಿಗೆ. ಒಂದೂವರೆ ಗಂಟೆ ಕಷ್ಟಪಟ್ಟು ಮುಗಿಸಿದವರಿಗೆ ಖಾಲಿ ಪೆಟ್ಟಿಗೆ ತೋರಿಸುವುದು ನನ್ನಿಂದ ಆಗದ ಕೆಲಸ. ಇಸವಿ ಇಲ್ಲದಿದ್ದರೆ ಈ ಚಿಂತೆಯೇ ಇಲ್ಲ. ಪೂರ್ತಿ 600 ಇಟ್ಟುಕೊಳ್ಳಿ, ಉಳಿದದ್ದು ಮುಂದಿನ ವರ್ಷಕ್ಕೆ. ನೆನಪಿಗೆ ಇಸವಿ ಬೇಕು ಎನ್ನುವವರಿಗೆ ನಾನು ಮೇಜಿನ ಮೇಲೆ ಅಕ್ಷರದ ಮೊಳೆ ಮತ್ತು ಸುತ್ತಿಗೆ ಇಟ್ಟಿರುತ್ತೇನೆ. ಪದಕದ ಹಿಂದೆ ಅವರ ಸಮಯ, ಇಸವಿ ಒತ್ತಿಕೊಡುತ್ತೇವೆ. ಆ ಮೇಜಿನ ಮುಂದೆ ಯಾವಾಗಲೂ ಸಾಲು ಇರುತ್ತದೆ.

ನಂಬರ್ ಹಚ್ಚಲು ಒಬ್ಬರಿಗೆ ನಾಲ್ಕು ಪಿನ್. 600 ಜನಕ್ಕೆ 2,400. ಫಿನಿಶ್ ಲೈನ್ ಪಕ್ಕ ಒಂದು ಡಬ್ಬಿ ಇಟ್ಟು ಇಲ್ಲಿ ಹಾಕಿ ಎಂದು ಬರೆದರೆ ಬಹುಪಾಲು ವಾಪಸ್ ಬರುತ್ತವೆ.

ನೀರು

ಕಸದಲ್ಲಿ ಕಣ್ಣಿಗೆ ಹೆಚ್ಚು ಹೊಡೆಯುವುದು ನೀರಿನ ಲೋಟಗಳು. ಮಣ್ಣಾಗುವ ಪ್ಲಾಸ್ಟಿಕ್ ಲೋಟ ತಂದರೆ ಮುಗಿಯಿತು ಎಂದು ಅನೇಕರು ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಅಂಥ ಲೋಟಗಳಲ್ಲಿ ಹೆಚ್ಚಿನವನ್ನು ಪಿಎಲ್‌ಎ ಎಂಬ ವಸ್ತುವಿನಿಂದ ಮಾಡುತ್ತಾರೆ. ಅದು ಮಣ್ಣಾಗಬೇಕಾದರೆ ಸುಮಾರು 60 ಡಿಗ್ರಿ ಬಿಸಿ ಇರುವ ದೊಡ್ಡ ಗೊಬ್ಬರ ಘಟಕ ಬೇಕು. ಹಿತ್ತಲಿನ ಗುಂಡಿಯಲ್ಲಿ ಹಾಕಿದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ನಿಮ್ಮ ಹತ್ತಿರ ಅಂಥ ಘಟಕ ಇಲ್ಲದಿದ್ದರೆ ಅದು ದುಬಾರಿ ಪ್ಲಾಸ್ಟಿಕ್ ಅಷ್ಟೇ. 2019ರ ಲಂಡನ್ ಮ್ಯಾರಥಾನ್‌ನಲ್ಲಿ ಕಡಲಕಳೆಯಿಂದ ಮಾಡಿದ, ತಿನ್ನಬಹುದಾದ ಪುಟ್ಟ ಚೀಲಗಳಲ್ಲಿ ಪಾನೀಯ ಕೊಟ್ಟರು. ಚೆನ್ನಾಗಿದೆ, ಆದರೆ ಸಣ್ಣ ಓಟಕ್ಕೆ ಅದಕ್ಕಿಂತ ಸುಲಭದ ದಾರಿ ಇದೆ. ಫ್ರಾನ್ಸಿನ ಮಾಂಟ್ ಬ್ಲಾಂಕ್ ಸುತ್ತ ನಡೆಯುವ ಯುಟಿಎಂಬಿ ಬೆಟ್ಟದ ಓಟದಲ್ಲಿ ಪ್ರತಿಯೊಬ್ಬರೂ ತಮ್ಮ ಲೋಟ ತಾವೇ ತರುವುದು ಕಡ್ಡಾಯ. ನಾನು ಅದನ್ನೇ ಅನುಸರಿಸಿದೆ.

ಒಂದೇ ಸಲಕ್ಕೆ ಮಾಡಬೇಡಿ. ಮೊದಲ ವರ್ಷ ಲೋಟ ತಂದರೆ ಒಳ್ಳೆಯದು ಎಂದು ತಿಳಿಸಿ. ಎರಡನೇ ವರ್ಷ ತರದವರಿಗೆ ಮಡಚುವ ಲೋಟವನ್ನು ಠೇವಣಿ ಪಡೆದು ಕೊಡಿ. ಮೂರನೇ ವರ್ಷ ಕಡ್ಡಾಯ ಮಾಡಿ. ಇಷ್ಟಾದ ಮೇಲೂ ಲೋಟ ಮರೆತು ಬಂದವರಿಗೆ ನೀರಿಲ್ಲ ಎನ್ನಬೇಡಿ. ಮೇಜಿನ ಕೆಳಗೆ ತೊಳೆದು ಬಳಸುವ 40 ಲೋಟ ಇಟ್ಟಿರಿ.

ನಲ್ಲಿ ಎಷ್ಟು ಬೇಕು ಎಂಬ ಲೆಕ್ಕ ತಪ್ಪಿದರೆ ಲೋಟವಿಲ್ಲದ ಓಟ ಎಂಬ ಯೋಚನೆಯ ಮೇಲೇ ಜನಕ್ಕೆ ಸಿಟ್ಟು ಬರುತ್ತದೆ. ನನ್ನ ಓಟದಲ್ಲಿ ಐದನೇ ಕಿಲೋಮೀಟರಿನ ಹತ್ತಿರ ಜನ ತುಂಬ ಒತ್ತಾಗಿ ಬರುವ ಹತ್ತು ನಿಮಿಷದಲ್ಲಿ ಸುಮಾರು 250 ಜನ ಬರುತ್ತಾರೆ. ನಿಮಿಷಕ್ಕೆ 25. ಒಬ್ಬರು ಲೋಟ ತುಂಬಿಸಿಕೊಳ್ಳಲು 12 ಸೆಕೆಂಡ್. ಅಂದರೆ ಒಂದು ನಲ್ಲಿ ನಿಮಿಷಕ್ಕೆ ಐದು ಜನರನ್ನು ಕಳಿಸುತ್ತದೆ. ಲೆಕ್ಕಕ್ಕೆ ಐದು ನಲ್ಲಿ ಸಾಕು. ನಾನು ಎಂಟು ಇಡುತ್ತೇನೆ, ಎರಡು ಮೇಜುಗಳಲ್ಲಿ, 30 ಮೀಟರ್ ಅಂತರ ಬಿಟ್ಟು. ಮೊದಲ ಮೇಜಿನಲ್ಲಿ ಸಾಲು ಕಂಡವರು ಎರಡನೆಯದಕ್ಕೆ ಹೋಗುತ್ತಾರೆ.

ಇನ್ನೊಂದು ಕೆಲಸ ಮರೆಯದೆ ಮಾಡಿ. ಒಟ್ಟು ನೀರಿನ ಮೂರನೇ ಒಂದು ಭಾಗವನ್ನು ಬೇರೆ ಡಬ್ಬಿಗಳಲ್ಲಿ ತುಂಬಿ, ಕೆಂಪು ಪಟ್ಟಿ ಕಟ್ಟಿ, ಇದನ್ನು ಓಟ ಶುರುವಾಗಿ 40 ನಿಮಿಷ ಆದ ಮೇಲೆ ಮಾತ್ರ ತೆರೆಯಿರಿ ಎಂದು ಬರೆಯಿರಿ. ಅದು ಹಿಂದೆ ಬರುವವರ ನೀರು. ಅವರು ಬಿಸಿಲಿನಲ್ಲಿ ಹೆಚ್ಚು ಹೊತ್ತು ಇರುತ್ತಾರೆ, ಅವರಿಗೇ ನೀರು ಖಾಲಿಯಾಗಿರುತ್ತದೆ.

ಹಾಗೆಂದು ಕುಡಿಯಿರಿ ಕುಡಿಯಿರಿ ಎಂದು ಒತ್ತಾಯ ಮಾಡುವುದೂ ತಪ್ಪು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದವರಲ್ಲಿ 488 ಜನರ ರಕ್ತ ಪರೀಕ್ಷೆ ಮಾಡಿದರು. ನೂರಕ್ಕೆ 13 ಜನರಲ್ಲಿ ಸೋಡಿಯಂ ಅಂಶ ಇರಬೇಕಾದ್ದಕ್ಕಿಂತ ಕಡಿಮೆಯಾಗಿತ್ತು. ಮಿತಿ ಮೀರಿ ಕುಡಿದು ತೂಕ ಏರಿಸಿಕೊಂಡವರಲ್ಲಿ ಇದು ಹೆಚ್ಚು ಕಂಡಿತು. ಬಾಯಾರಿಕೆಯಾದಷ್ಟು ಕುಡಿಯಿರಿ ಎಂದು ಹೇಳಿದರೆ ಸಾಕು.

ಇಲ್ಲಿ ಉಳಿತಾಯ ಮಾಡಬೇಡಿ

ಮಿತವ್ಯಯದ ಮಾತು ಇಷ್ಟು ಹೇಳಿದ ಮೇಲೆ ಇದನ್ನು ಗಟ್ಟಿಯಾಗಿ ಹೇಳಬೇಕು. 2021ರ ಮೇ ತಿಂಗಳಲ್ಲಿ ಚೀನಾದ ಗನ್ಸು ಪ್ರಾಂತ್ಯದಲ್ಲಿ ನೂರು ಕಿಲೋಮೀಟರಿನ ಬೆಟ್ಟದ ಓಟ ನಡೆಯುತ್ತಿದ್ದಾಗ ಇದ್ದಕ್ಕಿದ್ದಂತೆ ಆಲಿಕಲ್ಲು, ಮಳೆ, ಬಿರುಗಾಳಿ ಬಂತು. 172 ಓಟಗಾರರಲ್ಲಿ 21 ಜನ ಚಳಿಗೆ ಸತ್ತರು. ಗಾಳಿ ತಡೆಯುವ ಜಾಕೆಟ್ ತರುವುದನ್ನು ಅಲ್ಲಿ ಕಡ್ಡಾಯ ಮಾಡಿರಲಿಲ್ಲ. 2007ರ ಅಕ್ಟೋಬರ್‌ನಲ್ಲಿ ಷಿಕಾಗೋ ಮ್ಯಾರಥಾನನ್ನು ವಿಪರೀತ ಸೆಕೆಯಿಂದಾಗಿ ಶುರುವಾದ ಸುಮಾರು ಮೂರೂವರೆ ಗಂಟೆಗೆ ನಿಲ್ಲಿಸಬೇಕಾಯಿತು. ಓಟ ನಿಲ್ಲಿಸುವವರು ಯಾರು, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು ಎಂಬುದನ್ನು ಹಿಂದಿನ ದಿನವೇ ಬರೆದಿಡಿ. ಆ ಅಧಿಕಾರ ದುಡ್ಡಿನ ಲೆಕ್ಕ ನೋಡುವವರ ಕೈಯಲ್ಲಿ ಇರಬಾರದು. ನನ್ನ ಓಟದಲ್ಲಿ ಅದು ವೈದ್ಯರ ಕೈಯಲ್ಲಿದೆ. ಅವರು ಬೇಡ ಎಂದರೆ ನಾನು ಎದುರು ಮಾತಾಡುವುದಿಲ್ಲ.

ಹೃದಯ ನಿಂತವರಿಗೆ ಶಾಕ್ ಕೊಡುವುದು ಒಂದೊಂದು ನಿಮಿಷ ತಡವಾದಂತೆ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ. ಎದೆ ಒತ್ತುತ್ತಾ ಇದ್ದರೆ ಅದು ಸ್ವಲ್ಪ ನಿಧಾನವಾಗಿ ಇಳಿಯುತ್ತದೆ. ಐದು ಕಿಲೋಮೀಟರಿನ ಸುತ್ತಿನಿಂದ ಆದ ದೊಡ್ಡ ಲಾಭ ಇದೇ. ಎದುರುಬದುರು ಎರಡು ಕಡೆ ಶಾಕ್ ಕೊಡುವ ಒಂದೊಂದು ಎಇಡಿ ಯಂತ್ರ, ಒಂದೊಂದು ಸೈಕಲ್ ಇಟ್ಟರೆ ಯಾವ ಜಾಗವೂ 1.25 ಕಿಲೋಮೀಟರಿಗಿಂತ ದೂರ ಇರುವುದಿಲ್ಲ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸೈಕಲ್ ತುಳಿದರೆ ನಾಲ್ಕು ನಿಮಿಷದೊಳಗೆ ತಲುಪಬಹುದು. ಯಂತ್ರ ಕೊಳ್ಳಲು ಆಗದಿದ್ದರೆ ಬಾಡಿಗೆಗೆ ತನ್ನಿ. ಸ್ವಯಂಸೇವಕರೆಲ್ಲರಿಗೂ ಎದೆ ಒತ್ತುವುದನ್ನು ಒಂದು ಸಂಜೆ ಕಲಿಸಿ. ಸೆಕೆಯ ಹೊಡೆತಕ್ಕೆ ಸಿಕ್ಕವರಿಗಾಗಿ ಫಿನಿಶ್ ಲೈನ್ ಹತ್ತಿರ ಐಸ್ ಹಾಕಿದ ತೊಟ್ಟಿ ಇರಲಿ. ಇದರಲ್ಲಿ ವೈದ್ಯರ ಕ್ರಮ ಸ್ಪಷ್ಟವಾಗಿದೆ: ಮೊದಲು ತಣ್ಣೀರಿನಲ್ಲಿ ಮೈ ತಂಪು ಮಾಡುವುದು, ಆಮೇಲೆ ಆಸ್ಪತ್ರೆಗೆ ಸಾಗಿಸುವುದು.

ಜನ

ಸ್ವಯಂಸೇವಕರಿಗೆ ಎರಡು ಗಂಟೆಗಿಂತ ಹೆಚ್ಚಿನ ಪಾಳಿ ಕೊಡಬೇಡಿ. ಇಬ್ಬಿಬ್ಬರನ್ನು ಜೊತೆ ಮಾಡಿ. ಕೂರಲು ಕುರ್ಚಿ ಕೊಡಿ. ಮುಂದಿನ ವರ್ಷವೂ ಅದೇ ಜಾಗಕ್ಕೆ ಅವರನ್ನೇ ಕರೆಯಿರಿ. ಆ ತಿರುವಿನಲ್ಲಿ ಎಲ್ಲಿ ಗುಂಡಿ ಇದೆ, ಯಾವ ಮನೆಯವರು ಎಷ್ಟು ಹೊತ್ತಿಗೆ ಗಾಡಿ ತೆಗೆಯುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಏಳನೇ ತಿರುವಿನಲ್ಲಿ ನಿಲ್ಲುವ ತಾಯಿ ಮಗಳು ಎಂಟು ವರ್ಷದಿಂದ ಬರುತ್ತಿದ್ದಾರೆ. ಮಗಳು ಮೊದಲ ಸಲ ಬಂದಾಗ ಧ್ವಜ ಅವಳಿಗಿಂತ ಎತ್ತರ ಇತ್ತು.

ಒಂದು ಗೆರೆ ದಾಟಬೇಡಿ. ಯಾರಿಗೆ ಇದು ಹೊಟ್ಟೆಪಾಡಿನ ಕೆಲಸವೋ ಅವರ ಜಾಗದಲ್ಲಿ ಪುಕ್ಕಟೆ ಕೈಗಳನ್ನು ನಿಲ್ಲಿಸಬೇಡಿ. ಕಸ ಗುಡಿಸುವವರು, ಶೌಚಾಲಯ ತೊಳೆಯುವವರು, ಕಾವಲಿನವರು, ಇವರಿಗೆ ಪೂರ್ತಿ ಕೂಲಿ, ಅದೂ ಅದೇ ದಿನ. ನೀವು ಸಂಬಳ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನೂ ಸ್ವಯಂಸೇವಕರಿಗೆ ಮೊದಲೇ ತಿಳಿಸಿ. ನಾನು ಖರ್ಚಿನ ಪಟ್ಟಿಯನ್ನು ಅವರೆಲ್ಲರಿಗೂ ಕಳಿಸುತ್ತೇನೆ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಮನಸ್ಸು ಮುರಿಯುತ್ತದೆ, ಅಲ್ವಾ?

ದಾರಿಯ ಅಕ್ಕಪಕ್ಕದವರ ಮನೆಗೆ ಓಟಕ್ಕೆ ಮೂರು ವಾರ ಮೊದಲು ನಾನೇ ಹೋಗುತ್ತೇನೆ. ರಸ್ತೆ ಎಷ್ಟರಿಂದ ಎಷ್ಟು ಹೊತ್ತು ಮುಚ್ಚಿರುತ್ತದೆ, ತುರ್ತು ಇದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಒಂದು ಚೀಟಿ ಕೊಡುತ್ತೇನೆ. ಮೈಕನ್ನು ಮನೆಗಳ ಕಡೆಗೆ ತಿರುಗಿಸುವುದಿಲ್ಲ. ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ರಸ್ತೆ ಬಿಟ್ಟುಕೊಡುತ್ತೇವೆ. ಅನುಮತಿ ಕೊಡುವುದು ಕಚೇರಿ, ನಿಜ. ಆದರೆ ಮುಂದಿನ ವರ್ಷದ ಅನುಮತಿಗೆ ಅಡ್ಡಿ ಬರುವುದು, ಬರದೇ ಇರುವುದು ಈ ಮನೆಗಳವರ ಕೈಯಲ್ಲಿದೆ.

ಓಟಗಾರರು ಹೇಗೆ ಬರುತ್ತಾರೆ ಎಂದು ಅರ್ಜಿಯಲ್ಲೇ ಕೇಳಿ. ಇಂಥ ಕಾರ್ಯಕ್ರಮಗಳಿಂದ ಗಾಳಿಗೆ ಸೇರುವ ಇಂಗಾಲದಲ್ಲಿ ದೊಡ್ಡ ಪಾಲು ಸಾಮಾನ್ಯವಾಗಿ ಜನರ ಪ್ರಯಾಣದ್ದೇ. ಲೋಟದ್ದು, ಬ್ಯಾನರಿನದ್ದು ಅದರ ಮುಂದೆ ಚಿಕ್ಕದು. ನಾನು ಓಟದ ಸಮಯವನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದೆ, ಬೆಳಗಿನ ಮೊದಲ ಬಸ್ಸಿನಲ್ಲಿ ಬಂದವರಿಗೂ ಸಿಗಲಿ ಎಂದು. ಒಂದೇ ಕಾರಿನಲ್ಲಿ ಮೂವರಿಗಿಂತ ಹೆಚ್ಚು ಬಂದರೆ ಹತ್ತಿರದ ಜಾಗ, ಒಬ್ಬರೇ ಬಂದರೆ ದೂರದ ಜಾಗ.

ಮುಗಿದ ಮರುದಿನ

2012ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಐಎಸ್ಓ 20121 ಎಂಬ ಮಾನದಂಡ ಬಂತು. ಕಾರ್ಯಕ್ರಮಗಳನ್ನು ಸುಸ್ಥಿರವಾಗಿ ನಡೆಸುವ ಬಗೆಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಅದು. 2024ರಲ್ಲಿ ಅದನ್ನು ಪರಿಷ್ಕರಿಸಿದರು. 600 ಜನರ ಓಟಕ್ಕೆ ಆ ಪ್ರಮಾಣಪತ್ರ ಬೇಕಾಗಿಲ್ಲ. ಆದರೆ ಅದರ ಕ್ರಮ ನಮಗೂ ಬೇಕು. ನಿಮ್ಮ ಕಾರ್ಯಕ್ರಮ ಯಾರನ್ನು, ಏನನ್ನು ತಟ್ಟುತ್ತದೆ ಎಂದು ನೋಡಿ, ಗುರಿ ಇಟ್ಟುಕೊಂಡು, ಅಳೆದು, ಮುಂದಿನ ಸಲ ತಿದ್ದಿಕೊಳ್ಳುವುದು. ನನ್ನ ಬಳಿ ಇದಕ್ಕೆಂದು ಒಂದು ನೋಟ್‌ಬುಕ್ ಇದೆ. ಕಸದ ಚೀಲ ಎಷ್ಟು, ತೂಕ ಎಷ್ಟು. ಉಳಿದ ನೀರು ಎಷ್ಟು. ಬಸ್ಸಿನಲ್ಲಿ ಬಂದವರೆಷ್ಟು. ಪ್ರಥಮ ಚಿಕಿತ್ಸೆ ಪಡೆದವರೆಷ್ಟು, ಯಾವ ಜಾಗದಲ್ಲಿ. ಮತ್ತೆ ಬರುತ್ತೇನೆ ಎಂದ ಸ್ವಯಂಸೇವಕರೆಷ್ಟು. ಇದನ್ನು ಓಟದ ಮರುದಿನವೇ ಬರೆಯಿರಿ. ವಾರ ಕಳೆದರೆ ಚೆನ್ನಾಗಿ ನಡೆಯಿತು ಎಂಬುದೊಂದೇ ನೆನಪಿರುತ್ತದೆ.

ಅದೇ ವಾರ ಮೈದಾನದವರ ಹತ್ತಿರ ಹೋಗಿ ಓಟಕ್ಕೆ ಮೊದಲು, ಆಮೇಲೆ ತೆಗೆದ ಫೋಟೋ ತೋರಿಸಿ, ಮುಂದಿನ ವರ್ಷದ ತಾರೀಖು ಕೇಳಿ ಬರೆಸಿಕೊಳ್ಳುತ್ತೇನೆ. ಆಮೇಲೆ ಎಲ್ಲವನ್ನೂ ತೊಳೆದು, ಒಣಗಿಸಿ, ಪೆಟ್ಟಿಗೆಗಳಿಗೆ ತುಂಬುತ್ತೇವೆ. ಪ್ರತಿ ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಪಟ್ಟಿ ಅಂಟಿಸುತ್ತೇನೆ. ಈ ಸಲದ ಪಟ್ಟಿ ಹೀಗಿದೆ: ಬೋರ್ಡು 38, ಒಂದಕ್ಕೆ ಬಣ್ಣ ಬೇಕು. ತೊಳೆಯುವ ಲೋಟ 37. ಪಿನ್ನು 2,130. ಪದಕ 90. ಹೊಸದಾಗಿ ಮಾಡಿಸಬೇಕಾದ ಪದಕ 510.